ಮದುವೆಯ ಕಾರಿನ ಬೆಲ್ಟು

"ತಾಯಿ, ಯಾರಿಗೂ ಕೇಡಾಗದಿರುವಾಗ ಕೋಪಿಸಿಕೊಳ್ಳುವುದು ನ್ಯಾಯವೇ?"

ಮಧ್ಯಾಹ್ನದ ಪಾಠ ಮುಗಿದು ಉಳಿದವರೆಲ್ಲ ಎದ್ದುಹೋದ ಮೇಲೆ ನಿರಂಜನನೆಂಬ ಶಿಷ್ಯ ಈ ಪ್ರಶ್ನೆಯನ್ನು ಕೇಳಿದ. ಅಂದು ಬೆಳಗ್ಗೆ ಗುರುಮಾತೆ ವಿದ್ಯಾರ್ಥಿನಿಯರ ನಿಲಯದ ಮೇಲ್ವಿಚಾರಕರನ್ನು ಎಲ್ಲರೆದುರು ಗದರಿಸಿದ್ದರು. ನಿಲಯದ ಮಹಡಿ ಮೆಟ್ಟಿಲಿನ ಕಂಬಿಯನ್ನು ತುಕ್ಕು ತಿಂದಿತ್ತು. ಮೇಲ್ವಿಚಾರಕರು ಅದನ್ನು ಬದಲಿಸಿರಲಿಲ್ಲ. ಅದಕ್ಕೆ ಹಸಿರು ಬಣ್ಣ ಬಳಿಸಿದ್ದರು.

"ಅವರು ವಯಸ್ಸಿನಲ್ಲಿ ಹಿರಿಯರು," ಎಂದು ಶಿಷ್ಯ ಮುಂದುವರಿಸಿದ. "ಕಂಬಿ ಮುರಿದಿಲ್ಲ. ಯಾವ ಹುಡುಗಿಯೂ ಬಿದ್ದಿಲ್ಲ. ಕೋಪಿಸಿಕೊಂಡವನು ವಾದದಲ್ಲಿ ಮೊದಲು ಸೋತವನು ಎಂದು ನೀವೇ ನಮಗೆ ಕಲಿಸಿದ್ದೀರಿ. ನಡೆಯದ ಕೇಡಿಗಾಗಿ ಒಬ್ಬ ಮನುಷ್ಯನ ತಲೆ ತಗ್ಗಿಸಬಹುದೇ?"

"ಕೇಳಿದ್ದು ಒಳ್ಳೆಯದಾಯಿತು," ಎಂದರು ಗುರುಮಾತೆ. "ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಮುಂದೊಂದು ದಿನ ನೀನೂ ಬಣ್ಣ ಬಳಿಸುತ್ತಿದ್ದೆ. ಕುಳಿತುಕೋ."

ಅವರು ಹೇಳಿದ ಕತೆ ಇದು.

ಒಬ್ಬ ವರ್ತಕನಿದ್ದ. ಮದುವೆಗಳಿಗೆ ಕಾರು ಬಾಡಿಗೆಗೆ ಕೊಡುವುದು ಅವನ ವ್ಯಾಪಾರ. ಅವನಲ್ಲಿ ಮೂರು ಕಾರುಗಳಿದ್ದವು. ಮೂರೂ ಬಿಳಿಯವು. ಹೊರಗೆ ಮಾತ್ರವಲ್ಲ, ಒಳಗೂ ಬಿಳಿ. ಸೀಟು, ಬಾಗಿಲಿನ ಒಳಹೊದಿಕೆ, ಸೀಟಿನ ಬೆಲ್ಟು ಎಲ್ಲವೂ ಹಾಲಿನ ಬಣ್ಣದವು. ಬೇರೆಯವರ ಕಾರಿನಲ್ಲಿ ಕೂತವಳು ಮದುಮಗಳಂತೆ ಕಾಣುತ್ತಾಳೆ, ನನ್ನ ಕಾರಿನಲ್ಲಿ ಕೂತವಳು ಲಕ್ಷ್ಮಿಯಂತೆ ಕಾಣುತ್ತಾಳೆ ಎಂದು ಅವನು ಹೇಳಿಕೊಳ್ಳುತ್ತಿದ್ದ.

ಆ ಕಾರುಗಳ ಒಳಭಾಗವನ್ನು ಶುಚಿ ಮಾಡಲು ಒಬ್ಬ ಹೆಂಗಸಿದ್ದಳು. ಹದಿನೆಂಟು ವರ್ಷಗಳಿಂದ ಅದೇ ಅವಳ ಕಸುಬು. ಅದರಿಂದಲೇ ಅವಳ ಒಲೆ ಉರಿಯುತ್ತಿತ್ತು. ಅವಳ ಕೆಲಸಕ್ಕೆ ಅವಳದೇ ನಿಯಮಗಳಿದ್ದವು. ಸೀಟಿನ ಮೇಲೆ ನೀರು ಸುರಿಯುತ್ತಿರಲಿಲ್ಲ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅದರಿಂದ ಒರೆಸುತ್ತಿದ್ದಳು. ಹೊಸ ಸೋಪು ಬಂದರೆ ಮೊದಲು ಸೀಟಿನ ಕೆಳಗೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ ಒಂದು ದಿನ ಕಾಯುತ್ತಿದ್ದಳು. ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರಿ ಹೊಳಪು ತರುವುದು ಆ ಊರಿನ ರೂಢಿ. ಅವಳು ಅದನ್ನು ಮಾಡುತ್ತಿರಲಿಲ್ಲ. ಹೊಳಪು ಮುಂದಿನ ಗಾಜಿನಲ್ಲಿ ಬಿದ್ದು ಚಾಲಕನ ಕಣ್ಣು ಕೋರೈಸುತ್ತದೆ, ಆಮೇಲೆ ಎಣ್ಣೆಗೆ ಊರಿನ ಧೂಳೆಲ್ಲ ಮೆತ್ತುತ್ತದೆ ಎನ್ನುತ್ತಿದ್ದಳು.

ಬೆಲ್ಟಿನ ವಿಷಯದಲ್ಲಿ ಅವಳು ಇನ್ನೂ ನಿಧಾನ. ಬೆಲ್ಟನ್ನು ಕೊನೆಯವರೆಗೆ ಎಳೆದು, ಹಿಂದೆ ಸರಿಯದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ತೆಳು ಸೋಪಿನ ನೀರಿನ ಬಟ್ಟೆಯಿಂದ ನೇಯ್ಗೆಯ ಉದ್ದಕ್ಕೆ ಒರೆಸುತ್ತಿದ್ದಳು. ಬರಿಯ ನೀರಿನ ಬಟ್ಟೆಯಿಂದ ಸೋಪು ತೆಗೆಯುತ್ತಿದ್ದಳು. ಪೂರ್ತಿ ಒಣಗುವವರೆಗೆ ಅದನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಉಳಿದವರು ಇಡೀ ಕಾರು ತೊಳೆಯುವ ಹೊತ್ತಿನಲ್ಲಿ ಅವಳು ಎರಡು ಬೆಲ್ಟು ಮುಗಿಸುತ್ತಿದ್ದಳು.

"ಏನಮ್ಮಾ, ಬೆಲ್ಟು ಒರೆಸುತ್ತಿದ್ದೀಯೋ, ಬಾಣಂತಿಗೆ ಎರೆಯುತ್ತಿದ್ದೀಯೋ?" ಎಂದು ವರ್ತಕ ಅಣಕಿಸುತ್ತಿದ್ದ.

"ಬಾಣಂತಿಗೆ ನಾಳೆ ಮತ್ತೆ ಎರೆಯಬಹುದು, ಯಜಮಾನರೇ. ಇದು ಒಮ್ಮೆ ಕೆಟ್ಟರೆ ಕೆಟ್ಟಿತು," ಎನ್ನುತ್ತಿದ್ದಳು ಅವಳು.

ಆ ಕಡೆ ಒಂದು ಪದ್ಧತಿಯಿತ್ತು. ಅರಿಶಿಣದ ಶಾಸ್ತ್ರ ಮುಗಿದ ಕೂಡಲೇ ಮದುಮಗಳನ್ನು ಊರದೇವಿಯ ಗುಡಿಗೆ ಕರೆದೊಯ್ಯಬೇಕು. ಹೋಗಿ ಬರುವವರೆಗೆ ಮೈಯ ಅರಿಶಿಣ ತೊಳೆಯುವಂತಿಲ್ಲ. ಒಂದು ದಿನ ಹಾಗೆ ಹೋದ ಮದುಮಗಳೊಬ್ಬಳು ಆ ಮೂರರಲ್ಲೊಂದು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಳು. ಪಕ್ಕದಲ್ಲಿ ಅವಳ ತಂಗಿ ಕೂತಳು. ಅಕ್ಕನಿಗೆ ಅರಿಶಿಣ ಹಚ್ಚಿದ ಕೈಗಳು ಅವಳವು. ಕಾರು ಹಿಂದಿರುಗಿದಾಗ ಎರಡು ಬೆಲ್ಟುಗಳ ಮೇಲೂ ಹಳದಿ ಪಟ್ಟೆಯಿತ್ತು. ಮರುದಿನ ಬೆಳಗ್ಗೆ ಅದೇ ಕಾರು ಇನ್ನೊಂದು ಮನೆಯ ಮದುಮಗಳನ್ನು ಕರೆದೊಯ್ಯಬೇಕಿತ್ತು. ಕಲ್ಯಾಣಮಂಟಪ ಹೆದ್ದಾರಿಯಲ್ಲಿ ಮೂವತ್ತು ಮೈಲಿ ದೂರ.

ಹೆಂಗಸು ಎಂದಿನಂತೆ ಸೋಪಿನ ಬಟ್ಟೆಯಿಂದ ಬೆಲ್ಟನ್ನು ಒರೆಸಿದಳು. ಹಳದಿ ಪಟ್ಟೆ ಕೆಂಪಾಯಿತು. ಅದೇ ಹೊತ್ತಿಗೆ ವರ್ತಕ ಬಂದು ನೋಡಿದ.

"ಹಳದಿಯಾಗಿದ್ದದ್ದನ್ನು ನೆತ್ತರು ಮಾಡಿಟ್ಟೆಯಲ್ಲ," ಎಂದ.

"ಅರಿಶಿಣಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ, ಯಜಮಾನರೇ. ಸಾರು ಚೆಲ್ಲಿದ ಪಂಚೆ ಒಗೆದವರಿಗೆಲ್ಲ ಇದು ಗೊತ್ತು. ಮನೆಯಲ್ಲಿ ಅಮ್ಮನವರನ್ನು ಕೇಳಿ ನೋಡಿ. ಸೋಪು ಹೋದರೆ ಮತ್ತೆ ಹಳದಿಯಾಗುತ್ತದೆ. ಎರಡು ದಿನ ಬಾಗಿಲು ತೆರೆದಿಟ್ಟು ಬಿಸಿಲು ಬೀಳಿಸಿದರೆ ಹಳದಿಯೂ ತಾನಾಗಿ ಹೋಗುತ್ತದೆ."

"ನಾಳೆ ಮುಹೂರ್ತ. ನಿನ್ನ ಬಿಸಿಲಿಗಾಗಿ ಅವರ ಮದುವೆ ಮುಂದಕ್ಕೆ ಹಾಕಿಸಲೇ?"

"ಹಾಗಾದರೆ ಬಿಳಿಯ ಹತ್ತಿಬಟ್ಟೆಯಲ್ಲಿ ಎರಡು ಗವಸು ಹೊಲಿದು ಬೆಲ್ಟಿಗೆ ತೊಡಿಸುತ್ತೇನೆ. ಸೀರೆಗೂ ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ."

"ನನ್ನ ಕಾರಿಗೆ ತೇಪೆ ಹಾಕುತ್ತೀಯಾ?" ಎಂದು ವರ್ತಕ ಅವಳನ್ನು ಮನೆಗೆ ಕಳುಹಿಸಿದ.

ಇಲ್ಲೊಂದು ಮಾತು ಹೇಳಬೇಕು, ನಿರಂಜನ. ಆ ವರ್ತಕ ಜೀವಮಾನದಲ್ಲಿ ಒಂದು ಕರವಸ್ತ್ರವನ್ನೂ ಒಗೆದವನಲ್ಲ. ಅದು ತಪ್ಪಲ್ಲ. ಒಗೆದವಳು ಎದುರು ನಿಂತು ಹೇಳುತ್ತಿರುವಾಗ ಅವಳಿಗಿಂತ ತನಗೆ ಹೆಚ್ಚು ಗೊತ್ತು ಎಂದುಕೊಂಡನಲ್ಲ, ಅದು ತಪ್ಪು.

ಅವಳು ಹೋದ ಮೇಲೆ ವರ್ತಕ ಚಕ್ರ ತೊಳೆಯುವ ಕೆಲಸಗಾರನನ್ನು ಕರೆದ. "ಬೆಳಗಾಗುವುದರೊಳಗೆ ಬೆಳ್ಳಗಾಗಬೇಕು" ಎಂದ. ಹೇಗೆ ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಬಾವಿಗೆ ಹಾಕಲು ತಂದಿದ್ದ ಬ್ಲೀಚಿಂಗ್ ಪೌಡರು ಅಲ್ಲಿತ್ತು. ಕೆಲಸಗಾರ ಅದನ್ನು ಬಕೆಟ್ಟಿನಲ್ಲಿ ಗಟ್ಟಿಯಾಗಿ ಕದಡಿದ. ಬಕೆಟ್ಟನ್ನು ಕಾರಿನೊಳಗಿಟ್ಟು ಎರಡು ಬೆಲ್ಟುಗಳನ್ನೂ ಪೂರ್ತಿ ಎಳೆದು ಅದರಲ್ಲಿ ಮುಳುಗಿಸಿ ಬಾಗಿಲು ಹಾಕಿದ.

ಬೆಳಗ್ಗೆ ಬೆಲ್ಟುಗಳು ಹೊಸದಕ್ಕಿಂತಲೂ ಬೆಳ್ಳಗಿದ್ದವು. ವರ್ತಕ ಅಕ್ಕಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದ. ತನ್ನ ಹೆಗಲ ಮೇಲಿದ್ದ ಶಾಲನ್ನು ತೆಗೆದು ಕೆಲಸಗಾರನಿಗೆ ಹೊದಿಸಿದ. "ಹದಿನೆಂಟು ವರ್ಷದ ವಿದ್ಯೆಗಿಂತ ಒಂದು ಬಕೆಟ್ಟು ನೀರು ಮೇಲು," ಎಂದ. ಎಲ್ಲರೂ ನಕ್ಕರು.

ಹೆಂಗಸು ಬಂದು ಕಾರಿನ ಬಾಗಿಲು ತೆರೆದಳು. ವಾಸನೆ ಮೂಗಿಗೆ ಹೊಡೆಯಿತು. ಬೆಲ್ಟನ್ನು ಬೆರಳುಗಳ ನಡುವೆ ಹಾಯಿಸಿದಳು. ನುಣುಪು ಹೋಗಿತ್ತು. ಉಗುರಿನಿಂದ ಕೆರೆದಳು. ಎಳೆಗಳು ಬಿಳಿಯ ಪುಡಿಯಾಗಿ ಉಗುರಿಗೆ ಬಂದವು.

"ಯಜಮಾನರೇ, ಇದು ಬೆಂದುಹೋಗಿದೆ. ಇದನ್ನು ಕಟ್ಟಿಕೊಂಡು ಯಾರೂ ಹೆದ್ದಾರಿಗೆ ಹೋಗಬಾರದು."

"ಬೆಳ್ಳಗಾಗಿದೆಯೋ ಇಲ್ಲವೋ, ಅಷ್ಟು ಹೇಳು."

"ಬೆಳ್ಳಗಾಗಿದೆ."

"ನಾನು ಕೇಳಿದ್ದು ಅಷ್ಟೇ."

"ಬೆಲ್ಟು ಇರುವುದು ಬೆಳ್ಳಗಿರಲಿ ಎಂದಲ್ಲ, ಯಜಮಾನರೇ. ಕಾರು ಎಲ್ಲಿಯಾದರೂ ಗುದ್ದಿದರೆ ಕೂತವರನ್ನು ಹಿಡಿದುಕೊಳ್ಳಲಿ ಎಂದು."

"ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸಲಿ ಎಂದು," ಎಂದ ವರ್ತಕ. ಮತ್ತೆ ಎಲ್ಲರೂ ನಕ್ಕರು.

ಬೇರೆ ಕಾರು ಕೊಡಿ ಎಂದು ಅವಳು ಕೇಳಿದಳು. ಉಳಿದ ಎರಡೂ ಬೇರೆ ಮದುವೆಗಳಿಗೆ ಹೊರಟುಹೋಗಿದ್ದವು. ಹಾಗಾದರೆ ಹೆಣ್ಣಿನ ತಂದೆಗೆ ಇರುವ ವಿಷಯ ಹೇಳಿಬಿಡಿ ಎಂದಳು.

"ನೀನು ಬಾಯಿ ಬಿಟ್ಟರೆ ನಾಳೆಯಿಂದ ನನ್ನ ಬಾಗಿಲಿಗೆ ಬರಬೇಡ," ಎಂದ ವರ್ತಕ.

ಅವನಿಗೆ ಸಂದೇಹವಿದ್ದು ಅವನು ತಪ್ಪು ನಿರ್ಧಾರ ಮಾಡಿದ್ದರೆ ನಾನು ಕ್ಷಮಿಸುತ್ತಿದ್ದೆ. ಸಂದೇಹ ಪಡುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ.

ಕಾರನ್ನು ಹೂವಿನಿಂದ ಸಿಂಗರಿಸುವುದು ಮದುಮಗಳ ಮನೆಯ ಮುಂದೆ. ಕೊನೆಯ ಸಲ ಒಳಗೆಲ್ಲ ಒರೆಸಲು ಹೆಂಗಸೂ ಕಾರಿನ ಜೊತೆ ಹೋಗುವುದು ವಾಡಿಕೆ. ಅಂದೂ ಹೋದಳು. ಹಿಂದೆಯೇ ವರ್ತಕನೂ ಬಂದ. ಮದುಮಗಳ ತಂದೆ ಓದಿದವನು. ಕಾಲೇಜಿನಲ್ಲಿ ಪಾಠ ಹೇಳುವವನು. ಇವನಾದರೂ ಕೇಳುತ್ತಾನೆ ಎಂದುಕೊಂಡು ಅವಳು ಅವನ ಬಳಿಗೆ ಹೋದಳು.

"ಸ್ವಾಮಿ, ಹಿಂದಿನ ಸೀಟಿನ ಬೆಲ್ಟುಗಳು ಕೆಟ್ಟಿವೆ. ಮಗಳನ್ನು ಅದರಲ್ಲಿ ಕಳುಹಿಸಬೇಡಿ."

"ಇವತ್ತೊಂದು ದಿನ ಕೆಟ್ಟ ಮಾತು ಬೇಡಮ್ಮ. ಶುಭಕಾರ್ಯ."

"ಕೆಟ್ಟಿರುವುದು ಮಾತಲ್ಲ ಸ್ವಾಮಿ, ಬೆಲ್ಟು."

ಅವನು ಕಿವಿ ಮುಚ್ಚಿಕೊಳ್ಳಲಿಲ್ಲ, ಅಷ್ಟೇ. ವಾದ್ಯದವರ ಕಡೆ ತಿರುಗಿ "ಊದಿ" ಎಂದ.

ಓಲಗ ಆರಂಭವಾಯಿತು. ಹೆಂಗಸು ಕಾರಿನ ಕಡೆಗೆ ತಿರುಗಿದಳು. ಕಾರಿನ ಮೇಲೆ ಹೂ ಕಟ್ಟುತ್ತಿದ್ದವನು ತನ್ನ ಕತ್ತರಿಯನ್ನು ಬಾನೆಟ್ಟಿನ ಮೇಲೆ ಇಟ್ಟಿದ್ದ. ಅವಳು ಅದನ್ನು ತೆಗೆದುಕೊಂಡು ಒಳಗೆ ಕೂತು ಎರಡು ಬೆಲ್ಟುಗಳನ್ನೂ ನಡುಮಧ್ಯದಲ್ಲಿ ಕತ್ತರಿಸಿದಳು. ಒಂದೊಂದರಿಂದಲೂ ಮೊಳದುದ್ದ ತುಂಡು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು.

ಶಿಷ್ಯ ಇಲ್ಲಿ ತಡೆದ. "ತಾಯಿ, ಅವಳು ಮೆಲ್ಲಗೆ ತಿಳಿಹೇಳಬಹುದಿತ್ತಲ್ಲವೇ?"

"ಮತ್ತೆ ಮತ್ತೆ ಮೆಲ್ಲಗೆ ಹೇಳಿದಳು," ಎಂದರು ಗುರುಮಾತೆ. "ಅದು ನಿನಗೂ ಕೇಳಿಸಲಿಲ್ಲ. ಕತ್ತರಿಯ ಸದ್ದು ಕೇಳಿಸಿತು."

ಅವರು ಕತೆ ಮುಂದುವರಿಸಿದರು.

ಮದುವೆಯ ಮನೆಯ ಮುಂದೆ, ಮದುಮಗಳು ಹತ್ತುವ ಕಾರಿನಲ್ಲಿ ಕತ್ತರಿ ಆಡಿದರೆ ಅದು ಅಪಶಕುನ. ಓಲಗ ನಿಂತಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ವರ್ತಕ ಕೂಗಿದ, ನನ್ನ ಕಾರು ಹಾಳಾಯಿತು ಎಂದು. ತಂದೆ ಕೂಗಿದ, ನನ್ನ ಮಗಳ ಗಳಿಗೆ ಹಾಳಾಯಿತು ಎಂದು. ಬೆಲ್ಟು ಹಾಳಾಗಿತ್ತೇ ಎಂದು ಒಬ್ಬರೂ ಕೇಳಲಿಲ್ಲ.

"ಯಾಕೆ ಕತ್ತರಿಸಿದೆ?" ಎಂದು ಕೊನೆಗೆ ಮದುಮಗಳ ಸೋದರಮಾವ ಕೇಳಿದ.

"ಬೆಲ್ಟು ಇಲ್ಲದ ಸೀಟು ಎಂದು ಗೊತ್ತಾದರೆ ಜನ ಎಚ್ಚರವಾಗಿರುತ್ತಾರೆ, ಅಣ್ಣಾ. ಇದನ್ನು ನೋಡಿದವರು ನಂಬಿ ಕೂರುತ್ತಿದ್ದರು. ಅದಕ್ಕೆ."

ಸೋದರಮಾವ ತುಂಡೊಂದನ್ನು ಅವಳ ಕೈಯಿಂದ ತೆಗೆದುಕೊಂಡ. ಒಂದು ತುದಿಯನ್ನು ತಾನು ಹಿಡಿದು ಇನ್ನೊಂದನ್ನು ವಾದ್ಯದವನ ಕೈಗೆ ಕೊಟ್ಟ. ಇಬ್ಬರೂ ಕಾಲೂರಿ ಎಳೆದರು. ಅದು ಹರಿಯಲಿಲ್ಲ.

"ನೋಡು, ನಮ್ಮಿಬ್ಬರಿಗಿಂತ ಗಟ್ಟಿಯಾಗಿದೆ," ಎಂದ ಸೋದರಮಾವ.

"ಕೈಗೆ ಹರಿಯುವಷ್ಟು ಕೆಟ್ಟಿದೆ ಎಂದು ನಾನು ಹೇಳಲಿಲ್ಲ," ಎಂದಳು ಅವಳು. "ನೀವು ಎಳೆದದ್ದು ಇಬ್ಬರು ಮನುಷ್ಯರ ಬಲ. ಓಡುವ ಕಾರು ಗುದ್ದಿ ನಿಂತಾಗ ಬೀಳುವುದು ಬೇರೆಯೇ ಬಲ. ಅದಕ್ಕೆ ಇದು ತಡೆಯುತ್ತದೆ ಎಂದು ನಾನು ಹೇಳಲಾರೆ."

ಸುಳ್ಳು ಹೇಳಬಹುದಿತ್ತು. ಮೊದಲೇ ಒಂದೆರಡು ಎಳೆ ಕೊಯ್ದಿಟ್ಟು, ಎಲ್ಲರೆದುರು ಹರಿದು ತೋರಿಸಿ ಗೆಲ್ಲಬಹುದಿತ್ತು. ತನಗೆ ಗೊತ್ತಿದ್ದಷ್ಟನ್ನೇ ಅವಳು ಹೇಳಿದಳು. ಅದು ಅವಳಿಗೇ ಮುಳುವಾಯಿತು.

"ಹೋಗಲಿ ಬಿಡಿ," ಎಂದ ಸೋದರಮಾವ. "ಉಳಿದದ್ದನ್ನು ಗಂಟು ಹಾಕಿ. ಮದುವೆಯಲ್ಲಿ ಮೂರು ಗಂಟು ಹೇಗೂ ಇರಬೇಕು, ಇದು ನಾಲ್ಕನೆಯದು." ಜನ ನಕ್ಕರು. ವರ್ತಕ ನಿಜವಾಗಿಯೂ ಗಂಟು ಹಾಕಲು ಕಾರಿನೊಳಗೆ ಬಗ್ಗಿದ.

ಆಗ ಮದುಮಗಳು ಹೊರಗೆ ಬಂದಳು. ಹಣೆಯಲ್ಲಿ ಬಾಸಿಂಗ, ಮೈಮೇಲೆ ಧಾರೆಯ ಸೀರೆ. ಅವಳು ತಂದೆಯನ್ನು ಕೇಳಲಿಲ್ಲ, ವರ್ತಕನನ್ನು ಕೇಳಲಿಲ್ಲ. ಹೆಂಗಸಿನ ಮುಂದೆ ಬಂದು ನಿಂತಳು.

"ಅಕ್ಕಾ, ಇಲ್ಲಿರುವ ಗಾಡಿಗಳಲ್ಲಿ ಯಾವುದರ ಬೆಲ್ಟು ಗಟ್ಟಿಯಾಗಿದೆ?"

ಹೂವಿನ ಕಾರಿನಲ್ಲಿ ಚಾಲಕನ ಪಕ್ಕದ ಸೀಟಿನ ಬೆಲ್ಟಿನ ಕೊಂಡಿ ಮೊದಲೇ ಮುರಿದಿತ್ತು. ಅಂಗಳದಲ್ಲಿ ಇನ್ನೊಂದೇ ಗಾಡಿಯಿತ್ತು. ಅಡುಗೆಯವರ ವ್ಯಾನು. ಅಡುಗೆಯವನು ಸಂಕೋಚದಿಂದ ಕೈ ಮುಗಿದ. "ನಮ್ಮದರಲ್ಲಿ ಮುಂದಿನ ಸೀಟಿಗೆ ಒಂದು ಉಂಟು, ತಾಯಿ. ಆದರೆ ಅದು ಬೆಲ್ಟೋ, ಬಾಣಲೆ ಇಳಿಸುವ ಮಸಿಬಟ್ಟೆಯೋ, ನನಗೇ ಅನುಮಾನ."

ಹೆಂಗಸು ಹೋಗಿ ನೋಡಿದಳು. ಬೆಲ್ಟು ಎಣ್ಣೆ ಜಿಡ್ಡಿನಿಂದ ಕಪ್ಪಗಾಗಿತ್ತು. ಉಗುರಿನಿಂದ ಕೆರೆದಳು. ಜಿಡ್ಡು ಬಂತು, ಎಳೆ ಬರಲಿಲ್ಲ. ತಟ್ಟನೆ ಜಗ್ಗಿದಳು. ಅದು ಬಿಗಿಯಾಗಿ ಕಚ್ಚಿ ನಿಂತಿತು. ಅಂಚುಗಳಲ್ಲಿ ಬೆರಳಾಡಿಸಿ ಎಲ್ಲೂ ಕೊಯ್ದಿಲ್ಲ ಎಂದು ನೋಡಿಕೊಂಡಳು.

"ಕೊಳೆಯಿದೆ ತಾಯಿ. ಬೆಲ್ಟು ಚೆನ್ನಾಗಿದೆ," ಎಂದಳು.

ಮದುಮಗಳು ವ್ಯಾನು ಹತ್ತಿ ಮುಂದಿನ ಸೀಟಿನಲ್ಲಿ ಕೂತು ಆ ಬೆಲ್ಟನ್ನು ಧಾರೆಯ ಸೀರೆಯ ಮೇಲೆ ಎಳೆದು ಹಾಕಿಕೊಂಡಳು. ತಂದೆ ಬೇಡವೆಂದ. ತಾಯಿ ಅತ್ತಳು. ಅವಳು ಇಳಿಯಲಿಲ್ಲ. ಮುಹೂರ್ತ ಮೀರುತ್ತಿತ್ತು. ಹೂವಿನ ಕಾರಿನಲ್ಲಿ ಕೂರುವವರು ಯಾರೂ ಇರಲಿಲ್ಲ. ನಕ್ಕವರೆಲ್ಲ ಇದ್ದರು, ಆದರೆ ಕೂರುವವರು ಇರಲಿಲ್ಲ. ಅದು ಖಾಲಿಯಾಗಿ ಮುಂದೆ ಹೋಯಿತು. ಪಾತ್ರೆ ತುಂಬಿದ ವ್ಯಾನಿನಲ್ಲಿ ಮದುಮಗಳು ಅದರ ಹಿಂದೆ ಹೋದಳು.

ಮೂವತ್ತು ಮೈಲಿ ದಾರಿಯಲ್ಲಿ ಏನೂ ಆಗಲಿಲ್ಲ. ಒಂದು ಎಮ್ಮೆಯೂ ಅಡ್ಡ ಬರಲಿಲ್ಲ.

ಕಲ್ಯಾಣಮಂಟಪದ ಬಾಗಿಲಲ್ಲಿ ಮದುಮಗಳು ಇಳಿದಾಗ ಅವಳ ಸೀರೆಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಒಂದು ಕಪ್ಪು ಗೆರೆಯಿತ್ತು. ಗಂಡಿನ ಕಡೆಯವರು ಮೊದಲು ನೋಡಿದ್ದು ಅದನ್ನು. "ಹೆಣ್ಣನ್ನು ಕರೆತರಲು ಒಂದು ಶುಚಿಯಾದ ಗಾಡಿ ಸಿಗಲಿಲ್ಲವೇ ಬೀಗರಿಗೆ?" ಎಂದು ಗಂಡಿನ ಸೋದರತ್ತೆ ಕೇಳಿದಳು. ಮಗಳು ಎದುರಿಗೆ ಜೀವಂತವಾಗಿ ನಿಂತಿದ್ದಳು. ತಂದೆಗೆ ಆ ಗೆರೆಯೊಂದೇ ಕಂಡಿತು.

ಮೂರನೆಯ ದಿನ ಕಾರು ಮಾಲೀಕರ ಸಂಘ ಸೇರಿತು. ವರ್ತಕ ದೂರು ಕೊಟ್ಟ. ಮದುಮಗಳ ತಂದೆಯೂ ಬಂದು ದೂರು ಕೊಟ್ಟ. ಅಪಶಕುನವಾಯಿತು, ಸೀರೆ ಹಾಳಾಯಿತು, ಬೀಗರೆದುರು ಮುಖಭಂಗವಾಯಿತು ಎಂದ. ಚಕ್ರ ತೊಳೆಯುವ ಕೆಲಸಗಾರ ಶಾಲು ಹೊದ್ದು ಬಂದು, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದೆ ಎಂದ. ಮದುಮಗಳನ್ನು ಯಾರೂ ಕರೆಸಲಿಲ್ಲ. ಆ ಸೀಟಿನಲ್ಲಿ ಕೂರಬೇಕಾಗಿದ್ದವಳು ಅವಳು ಎಂಬುದು ಆ ಸಭೆಗೆ ಹೊಳೆಯಲೇ ಇಲ್ಲ.

ಸಂಘದ ಅಧ್ಯಕ್ಷ ಕೆಟ್ಟವನಲ್ಲ. ಜಗಳ ಬೇಡ ಎನ್ನುವ ಜಾತಿಯವನು. ಅಂಥವರಿಂದ ಆಗುವ ಕೇಡಿಗೆ ಲೆಕ್ಕವಿಲ್ಲ.

"ಕಾರು ಖಾಲಿ ಹೋಗಿ ಖಾಲಿ ಬಂತು," ಎಂದ ಅವನು. "ಯಾರಿಗೂ ಒಂದು ತರಚು ಗಾಯವೂ ಆಗಿಲ್ಲ. ಇಬ್ಬರು ಗಂಡಸರು ಎಳೆದರೂ ಬೆಲ್ಟು ಹರಿಯಲಿಲ್ಲವಂತೆ. ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡಮ್ಮ. ನಿನ್ನ ಕೆಲಸ ನಿನಗಿರುತ್ತದೆ. ನಾನು ಯಜಮಾನರಿಗೆ ಹೇಳುತ್ತೇನೆ."

ಆ ಕೆಲಸವಲ್ಲದೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ಸಭೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಹೇಳುತ್ತಾಳೆ ಎಂದು ಕಾದರು.

"ಕತ್ತರಿ ಹಾಕಿದ್ದು ತಪ್ಪು ಎಂದರೆ ಬೆಲ್ಟು ಸರಿಯಾಗಿತ್ತು ಎಂದ ಹಾಗಾಯಿತು," ಎಂದಳು ಅವಳು. "ಸರಿಯಾಗಿತ್ತು ಎಂದರೆ ನಾಳೆ ಇನ್ನೊಂದು ಬೆಲ್ಟನ್ನು ಅದೇ ಬಕೆಟ್ಟಿಗೆ ಹಾಕುತ್ತೀರಿ. ಆ ಮಾತು ನನ್ನ ಬಾಯಿಂದ ಬರುವುದಿಲ್ಲ, ಸ್ವಾಮಿ."

"ಇಷ್ಟು ಸೊಕ್ಕು ಒಳ್ಳೆಯದಲ್ಲಮ್ಮ," ಎಂದ ಅಧ್ಯಕ್ಷ.

"ಸೊಕ್ಕಲ್ಲ. ಹದಿನೆಂಟು ವರ್ಷ," ಎಂದಳು.

ಸಭೆ ಎರಡು ಮಾತಿನಲ್ಲಿ ಮುಗಿಯಿತು. ಯಾರಿಗೂ ಕೇಡಾಗಿಲ್ಲವಾದ್ದರಿಂದ ಅಪಾಯವಿರಲಿಲ್ಲ. ಅಪಾಯವಿರಲಿಲ್ಲವಾದ್ದರಿಂದ ಅವಳು ಮಾಡಿದ್ದು ಅಪರಾಧ. ಸಂಘದ ಯಾವ ಮಾಲೀಕನೂ ಅವಳಿಗೆ ಕೆಲಸ ಕೊಡಬಾರದೆಂದು ಬರೆದು ಎಲ್ಲರೂ ಸಹಿ ಹಾಕಿದರು. ಅವಳು ತನ್ನ ಬಟ್ಟೆಗಳನ್ನೂ ಕ್ಲಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಅವಳ ಜಾಗವನ್ನು ಚಕ್ರ ತೊಳೆಯುವವನಿಗೆ ಕೊಟ್ಟರು. ಕತ್ತರಿಸಿದ ಬೆಲ್ಟುಗಳ ಜಾಗಕ್ಕೆ ಒಂದು ಹಳೆಯ ಕಾರಿನಿಂದ ಕಳಚಿದ ಬೆಲ್ಟುಗಳನ್ನು ತಂದು ಹಾಕಿಸಿದರು. ಅವು ತುಸು ಮಾಸಿದ್ದವು. ಅವನು ಅವನ್ನೂ ಬಕೆಟ್ಟಿನಲ್ಲಿ ಅದ್ದಿದ. ಕೈಯಾಡುತ್ತಿರುವಾಗಲೇ ಆಗಿಬಿಡಲಿ ಎಂದು ಉಳಿದೆರಡು ಕಾರುಗಳ ಬೆಲ್ಟುಗಳನ್ನೂ ಅದ್ದಿದ. ಈಗ ಮೂರು ಕಾರುಗಳೂ ಒಂದೇ ಸಮನಾಗಿ ಬೆಳ್ಳಗಿವೆ. ಲಗ್ನವಿರುವ ದಿನಗಳಲ್ಲಿ ಮೂರೂ ಹೆದ್ದಾರಿಯಲ್ಲಿ ಓಡುತ್ತಿವೆ.

ಗುರುಮಾತೆ ಕತೆ ನಿಲ್ಲಿಸಿದರು.

ಶಿಷ್ಯ ತರ್ಕ ಓದಿದವನು. ಕತೆಯಲ್ಲಿ ಒಂದು ಕೊಂಡಿ ಬಿಟ್ಟುಹೋಗಿದೆ ಎಂದು ಅವನಿಗೆ ಅನ್ನಿಸಿತು.

"ಆ ಹೆಂಗಸಿಗೆ ಅನ್ಯಾಯವಾಯಿತು ಎಂಬುದನ್ನು ಒಪ್ಪುತ್ತೇನೆ, ತಾಯಿ. ಆದರೂ ಒಂದು ಸಂದೇಹ ಉಳಿಯುತ್ತದೆ. ಎಳೆದಾಗ ಬೆಲ್ಟು ಹರಿಯಲಿಲ್ಲ. ದಾರಿಯಲ್ಲಿ ಏನೂ ನಡೆಯಲಿಲ್ಲ. ತಡೆಯುವುದಿಲ್ಲ ಎಂದು ಅವಳೂ ಖಚಿತವಾಗಿ ಹೇಳಲಿಲ್ಲ. ಹಾಗಿರುವಾಗ ಆ ಬೆಲ್ಟು ಬಲಗೆಟ್ಟಿತ್ತೆಂದು ಕೊನೆಗೂ ಸಾಬೀತಾಗಲಿಲ್ಲವಲ್ಲ?"

"ಸಾಬೀತು ಮಾಡೋಣ, ನಿರಂಜನ, ಯಾರ ಮಗಳನ್ನು ಕೂರಿಸಲಿ, ಹೇಳು."